ಪ್ರಬಂಧ ತಿದ್ದಿದ್ದಾಯ್ತು, ತಿದ್ದುಪಡಿ ಟಿಪ್ಪಣಿಯಲ್ಲಿ ಏನು ಬರೀಬೇಕು?

ಕೊಪ್ಪಳ, ಬಿಎ ವಿದ್ಯಾರ್ಥಿನಿ:
ವಿಷಯ ತುಂಗಭದ್ರಾ ಜಲಾಶಯದ ಹೂಳು, ಮಿತಿ 1000 ಪದ. ಮೊದಲ ಕರಡು 1450 ಇತ್ತು, ಎರಡು ಸಲ ತಿದ್ದಿ 1040ಕ್ಕೆ ಬಂದೈತಿ. ಈಗ ಏನು ತಿದ್ದಿದೆ, ಯಾಕೆ ತಿದ್ದಿದೆ ಅಂತ ಒಂದು ಪುಟದ ಟಿಪ್ಪಣಿ ಕೇಳ್ಯಾರ. ‘ಕಾಗುಣಿತ ಸರಿಪಡಿಸಿದೆ’ ಅನ್ನೋದು ಬಿಟ್ರ ಏನೂ ಹೊಳೀವಲ್ದು. ಪೀಠಿಕೆ ಹಿಂಗೈತಿ, ನೋಡಿ ಹೇಳ್ರಿ:

“ರೈತರ ಜೀವನಾಡಿಯಾದ ತುಂಗಭದ್ರಾ ಜಲಾಶಯದ 19ನೇ ಗೇಟು 2024ರ ಆಗಸ್ಟ್‌ನಲ್ಲಿ ಕೊಚ್ಚಿಹೋಯಿತು. ಹೂಳಿನಿಂದ ಜಲಾಶಯದ ಸಾಮರ್ಥ್ಯ ಬಹಳ ಕಡಿಮೆಯಾಗಿದ್ದು, ಕಾಲುವೆಯ ಕೊನೆ ಭಾಗಕ್ಕೆ ನೀರು ತಲುಪುತ್ತಿಲ್ಲ.”

ರಾಯಚೂರು, ಕನ್ನಡ ಉಪನ್ಯಾಸಕ:
ಟಿಪ್ಪಣಿಯಲ್ಲಿ ಕಾಗುಣಿತದ ಮಾತು ಬ್ಯಾಡವ್ವ. ವಾದ ಎಲ್ಲಿ ಹೊರಳಿತು ಅನ್ನೋದನ್ನ ಬರಿ. ಮೊದಲ ಕರಡು ಪ್ರಿಂಟ್ ತಗೊಂಡು, ಪ್ರತಿ ಪ್ಯಾರಾದ ಪಕ್ಕ ಅದು ಏನು ಹೇಳ್ತದ ಅಂತ ಏಳೆಂಟು ಪದದಾಗ ಪೆನ್ಸಿಲ್‌ನಿಂದ ಬರಿ. ಕೊನೇ ಕರಡಿಗೂ ಹಂಗೇ ಮಾಡು. ಎರಡೂ ಅಕ್ಕಪಕ್ಕ ಇಟ್ರ ಯಾವ ಪ್ಯಾರಾ ಹೋಯ್ತು, ಯಾವುದು ಮ್ಯಾಲೆ ಬಂತು ಕಾಣ್ತದ. ಅದರಾಗ ಎರಡೇ ಬದಲಾವಣೆ ಆರಿಸಿ, ಹಳೇ ವಾಕ್ಯ, ಹೊಸ ವಾಕ್ಯ ಎರಡನ್ನೂ ಇದ್ದಂಗೇ ಎತ್ತಿ ಬರೆದು ಕಾರಣ ಕೊಡು. ಹತ್ತು ಬದಲಾವಣೆ ಪಟ್ಟಿ ಮಾಡಿದ್ರ ಒಂದಕ್ಕೂ ಕಾರಣ ಬರೆಯೋಕೆ ಜಾಗ ಉಳಿಯಂಗಿಲ್ಲ.

ಇನ್ನು ಆ ಗೇಟು. ಅದು ಹೋದದ್ದು ಚೈನ್ ತುಂಡಾಗಿ, ಹೂಳಿನಿಂದಲ್ಲ. ತೆಗೀ. ಯಾಕೆ ತೆಗೆದೆ ಅನ್ನೋದೇ ನಿನ್ನ ಟಿಪ್ಪಣಿಯ ಮೊದಲ ಪ್ಯಾರಾ.

ಸಿಂಧನೂರು, ನೀರಾವರಿ ಕೆಲಸದವರು:
‘ಬಹಳ ಕಡಿಮೆ’ ಅಂದ್ರ ಎಷ್ಟು ತಂಗಿ? ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ (ನೂರು ಕೋಟಿ ಘನ ಅಡಿಗೆ ಒಂದು ಟಿಎಂಸಿ), ಈಗ ಲೆಕ್ಕಕ್ಕೆ ಹಿಡಿಯೋದು 105.79. ಹತ್ತಿರ ಹತ್ತಿರ 27 ಟಿಎಂಸಿ ಜಾಗ ಹೂಳು ತಿಂದದ. ಸಂಖ್ಯೆ ಹಾಕಿದ್ರ ‘ಬಹಳ’ ಬೇಕಾಗಂಗಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಕೊನೆ ಭಾಗದ ತೊಂದರೆಗೆ ಹೂಳೊಂದನ್ನೇ ಕಾರಣ ಮಾಡಿದ್ದು. ಎಡದಂಡೆ ಕಾಲುವೆಯ ನೀರಿನ ಲೆಕ್ಕ ಹಾಕುವಾಗ ಬಹುಪಾಲು ಜಮೀನಿಗೆ ಹಿಡಿದಿದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತ ಹಬ್ಬಿತು. ನೀರು ಮ್ಯಾಲೇ ಖರ್ಚಾಗಿ ಮಾನ್ವಿ, ರಾಯಚೂರು ಕಡೆ ಕೊನೆ ರೈತರಿಗೆ ಸಾಲಂಗಿಲ್ಲ. ಹೂಳು ಇರದಿದ್ರೂ ಈ ಜಗಳ ಇರ್ತಿತ್ತು. ಹಿಂಗ ಬರೀಬಹುದು: “ಮೇಲ್ಭಾಗದಲ್ಲಿ ಭತ್ತ ಹೆಚ್ಚಿದ್ದರಿಂದ ಕೊನೆ ಭಾಗಕ್ಕೆ ನೀರು ಮೊದಲೇ ಸಾಲುತ್ತಿರಲಿಲ್ಲ, ಹೂಳು ಆ ಕೊರತೆಯನ್ನು ಹೆಚ್ಚಿಸಿದೆ.”

ಕೊಪ್ಪಳ, ಬಿಎ ವಿದ್ಯಾರ್ಥಿನಿ:
ಹಂಗಾದ್ರ ಕೊನೆ ಭಾಗದ ನೀರಿನ ಬಗ್ಗೆ ಇರೋ ಮೂರನೇ ಪ್ಯಾರಾ ಪೂರ್ತಿ ಹೊಸದಾಗಿ ಬರೀಬೇಕೇನ್ರಿ ಸರ್? ನಾಳಿದ್ದು ಕೊಡಬೇಕು.

ರಾಯಚೂರು, ಕನ್ನಡ ಉಪನ್ಯಾಸಕ:
ಪೂರ್ತಿ ಬ್ಯಾಡ. ಭತ್ತದ ಮಾತು ಮೊದಲ ವಾಕ್ಯಕ್ಕೆ ತಾ, ಹೂಳು ಎರಡನೇ ಕಾರಣವಾಗಿ ಬರಲಿ. ಗೇಟು, ‘ಜೀವನಾಡಿ’ ಹೋದ್ರ ಪದಮಿತಿಗೂ ಹತ್ತಿರ ಬರ್ತಿ. ಹೊಸ ಫೈಲಿನಾಗ ತಿದ್ದು. ಹಳೇ ಕರಡಿನ ಮ್ಯಾಲೇ ಸೇವ್ ಮಾಡಿದ್ರ ಟಿಪ್ಪಣಿಗೆ ಹಳೇ ವಾಕ್ಯ ಸಿಗಂಗಿಲ್ಲ. ‘ನುಡಿ’ ತಂತ್ರಾಂಶದ ಅಕ್ಷರದಿಂದ ಯೂನಿಕೋಡ್‌ಗೆ ಬದಲಿಸ್ತಿದ್ರ ಅರ್ಕಾವತ್ತು ಇರೋ ಪದ ಒಂದೊಂದೂ ನೋಡು. ‘ವರ್ಷ’, ‘ಸಾಮರ್ಥ್ಯ’ ಅಲ್ಲೇ ಕೆಡೋದು.