ತಲೆಗೆ ಪೆಟ್ಟಾಗಿ ಐದು ತಿಂಗಳು: ಹೈಪರ್‌ಬೇರಿಕ್ ಆಕ್ಸಿಜನ್ ಚಿಕಿತ್ಸೆ ಕೊಡಿಸಬಹುದೇ?

ಪ್ರಶ್ನೆ (ಕಿನ್ನಿಗೋಳಿಯಿಂದ):
ಮಾನ್ಯರೇ, ನನ್ನ ತಮ್ಮ ಮಳೆಗಾಲದಲ್ಲಿ ಮೂಲ್ಕಿಯ ಬಳಿ ಸ್ಕೂಟರ್ ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದ. ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣದ್ದರಿಂದ ಕನ್ಕಷನ್ (ಪೆಟ್ಟಿನಿಂದ ಮಿದುಳು ಅಲುಗಿದ ಸ್ಥಿತಿ) ಎಂದು ಹೇಳಿ ಮನೆಗೆ ಕಳುಹಿಸಿದರು. ತಲೆನೋವು, ತಲೆಸುತ್ತು, ಮರೆವು ಇನ್ನೂ ಬಿಟ್ಟಿಲ್ಲ. ಹವ್ಯಾಸಿ ಯಕ್ಷಗಾನ ವೇಷಧಾರಿಯಾದ ಅವನಿಗೆ ಈಗ ಚೆಂಡೆಯ ಸದ್ದನ್ನು ಸಹಿಸಲಾಗುವುದಿಲ್ಲ; ಧೀಂಗಿಣ ಹಾಕಲು ಹೋದರೆ ಎರಡನೆಯ ಸುತ್ತಿಗೇ ಕಂಬ ಹಿಡಿಯುತ್ತಾನೆ. ಚೇಂಬರಿನೊಳಗೆ ಒತ್ತಡದಲ್ಲಿ ಆಮ್ಲಜನಕ ಕೊಡುವ ಚಿಕಿತ್ಸೆಯನ್ನು 40 ಸಲ ಪಡೆದರೆ ಗುಣವಾಗುತ್ತದೆಂದು ಪರಿಚಿತರೊಬ್ಬರು ಹೇಳುತ್ತಾರೆ. ಅದಕ್ಕೆ ಅಮ್ಮನ ಬಳೆ ಅಡವಿಡಬೇಕು. ತಿಳಿದವರು ಹೇಳಬೇಕು.

ಉತ್ತರ (ಮಣಿಪಾಲದಿಂದ):
ಮೊದಲು ಅದರ ಕೆಲಸ ನೋಡೋಣ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಆರೋಗ್ಯವಂತರಲ್ಲಿ ಸಾಮಾನ್ಯ ಗಾಳಿಯಲ್ಲೇ ಬಹುಪಾಲು ಆಮ್ಲಜನಕದಿಂದ ತುಂಬಿರುತ್ತದೆ. ಒತ್ತಡ ಹೆಚ್ಚಿಸಿದಾಗ ಹೆಚ್ಚುವರಿ ಆಮ್ಲಜನಕ ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ಕರಗುತ್ತದೆ. ಮುಳುಗುಗಾರರ ಡಿಕಂಪ್ರೆಷನ್ ಕಾಯಿಲೆ (ಬೇಗ ಮೇಲೆ ಬಂದಾಗ ದೇಹದಲ್ಲಿ ಗಾಳಿಗುಳ್ಳೆ ಏಳುವುದು), ಕಾರ್ಬನ್ ಮೊನಾಕ್ಸೈಡ್ ವಿಷ, ಮಧುಮೇಹಿಗಳ ಕಾಲಿನ ಕೆಲವು ಹುಣ್ಣುಗಳಿಗೆ ಇದು ಮಾನ್ಯ ಚಿಕಿತ್ಸೆ. ಕನ್ಕಷನ್ ಆ ಪಟ್ಟಿಯಲ್ಲಿಲ್ಲ.

ಕನ್ಕಷನ್‌ನ ಲಕ್ಷಣಗಳು ಬಿಡದ ಅಮೆರಿಕದ 72 ಸೈನಿಕರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪಿಗೆ 1.5 ವಾತಾವರಣ ಒತ್ತಡದಲ್ಲಿ (ಸಾಮಾನ್ಯ ಗಾಳಿಯ ಒತ್ತಡದ ಒಂದೂವರೆ ಪಟ್ಟು) ಆಮ್ಲಜನಕವನ್ನೂ, ಇನ್ನೊಂದು ಗುಂಪಿಗೆ ಅದೇ ಚೇಂಬರಿನಲ್ಲಿ 1.2 ಒತ್ತಡದ ಬರಿಯ ಗಾಳಿಯನ್ನೂ 40 ಸಲ ಕೊಟ್ಟರು. ಚೇಂಬರಿಗೆ ಹೋಗದ ಮೂರನೆಯ ಗುಂಪಿನವರಿಗಿಂತ ಈ ಎರಡೂ ಗುಂಪಿನವರು ಹೆಚ್ಚು ಚೇತರಿಸಿಕೊಂಡರು, ಆದರೆ ಆಮ್ಲಜನಕ ಪಡೆದವರು ಗಾಳಿ ಪಡೆದವರಿಗಿಂತ ಮುಂದಿರಲಿಲ್ಲ.

ಉತ್ತರ (ಸುರತ್ಕಲ್‌ನಿಂದ):
ಒಂದು ಆಕ್ಷೇಪವಿದೆ. 1.2 ಒತ್ತಡದ ಗಾಳಿಯೂ ಆಮ್ಲಜನಕವನ್ನು ಸ್ವಲ್ಪ ಹೆಚ್ಚಿಸುವುದರಿಂದ ಅದು ನಿಜವಾದ ಹುಸಿ ಚಿಕಿತ್ಸೆಯಲ್ಲವೆಂದು (ಹೋಲಿಕೆಗಾಗಿ ಕೊಡುವ, ಪರಿಣಾಮವಿಲ್ಲದ ಚಿಕಿತ್ಸೆಯಲ್ಲವೆಂದು) ಪ್ರತಿಪಾದಕರು ವಾದಿಸುತ್ತಾರೆ. ಇಸ್ರೇಲಿನ 2013ರ ಅಧ್ಯಯನವೂ ಸುಧಾರಣೆ ತೋರಿಸಿತ್ತು.

ಮಣಿಪಾಲದಿಂದ ಮರುತ್ತರ:
ವಾದ ಸರಿ, ಆದರೆ ಇಸ್ರೇಲಿನ ಅಧ್ಯಯನದಲ್ಲಿ ಹುಸಿ ಚಿಕಿತ್ಸೆಯ ಗುಂಪೇ ಇರಲಿಲ್ಲ. ದಿನವೂ ಒಂದು ಗಂಟೆ ನಿಶ್ಶಬ್ದವಾಗಿ ಮಲಗುವುದು, ಸಿಬ್ಬಂದಿಯ ಆರೈಕೆ, ಗುಣವಾದೀತೆಂಬ ನಿರೀಕ್ಷೆ ಇವುಗಳಿಂದಲೇ ಎಷ್ಟು ಹಗುರವಾಯಿತೆಂದು ಅಲ್ಲಿ ಅಳೆಯಲಾಗದು. ಕಿವಿತಮಟೆಗೆ ಪೆಟ್ಟು, ತಾತ್ಕಾಲಿಕ ದೃಷ್ಟಿದೋಷ, ಅಪರೂಪಕ್ಕೆ ಫಿಟ್ಸ್ ಆಗುವ ಅಪಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಉತ್ತರ (ಉಡುಪಿಯ ಫಿಸಿಯೋಥೆರಪಿಸ್ಟ್):
ಬಳೆ ಅಡವಿಡುವ ಮೊದಲು ಒಂದು ಪ್ರಶ್ನೆ: ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೆಲವು ಸೆಕೆಂಡು ಕೋಣೆಯೇ ತಿರುಗಿದಂತಾಗುತ್ತದೆಯೇ? ತಲೆಗೆ ಪೆಟ್ಟಾದ ಮೇಲೆ ಒಳಕಿವಿಯ ಹರಳುಗಳು ಜಾಗ ತಪ್ಪುವುದುಂಟು. ತಲೆಯನ್ನು ಕ್ರಮವಾಗಿ ಹೊರಳಿಸುವ ಎಪ್ಲಿ ವಿಧಾನದಿಂದ ಅನೇಕರಿಗೆ ಒಂದೆರಡು ಭೇಟಿಯಲ್ಲೇ ವಾಸಿಯಾಗುತ್ತದೆ. ಕತ್ತನ್ನೂ ಪರೀಕ್ಷಿಸಬೇಕು, ಏಕೆಂದರೆ ಇಂಥ ತಲೆನೋವು ಎಷ್ಟೋ ಸಲ ಅಲ್ಲಿಂದ ಹುಟ್ಟುತ್ತದೆ. ಕತ್ತಲ ಕೋಣೆಯಲ್ಲಿ ತಿಂಗಳುಗಟ್ಟಲೆ ಮಲಗಿಸುವುದು ಹಳೆಯ ಸಲಹೆ; ಲಕ್ಷಣಗಳು ಹೆಚ್ಚು ಕೆರಳದ ಮಟ್ಟದಲ್ಲಿ ದಿನವೂ ನಡೆಯಲಿ. ವಾಂತಿ, ಕೈಕಾಲು ಬಲಹೀನತೆ ಅಥವಾ ಏರುತ್ತಲೇ ಹೋಗುವ ತಲೆನೋವು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ ಕೇಳಿದವರಿಂದ:
ಎಡಕ್ಕೆ ಹೊರಳಿದಾಗ ಹಾಗೆಯೇ ಆಗುತ್ತದೆಂದು ತಮ್ಮ ಹೇಳಿದ. ಒಳಕಿವಿಯನ್ನಾಗಲಿ ಕತ್ತನ್ನಾಗಲಿ ಇದುವರೆಗೆ ಯಾರೂ ಪರೀಕ್ಷಿಸಿಲ್ಲ. ಸೋಮವಾರ ಕಿವಿಯ ವೈದ್ಯರಲ್ಲಿಗೆ ಹೋಗುತ್ತೇವೆ.