ಸಹಾಯ ಬೇಕು: ಸಂಜೆ ಕ್ಲಾಸಿಗೆ ಬರುವ ದೊಡ್ಡವರ ನಂಬಿಕೆ ಗಳಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ತುಮಕೂರು ಕಡೆಯ ಒಂದು ಹಳ್ಳಿಯಲ್ಲಿ ಉಲ್ಲಾಸ್ (ದೊಡ್ಡವರಿಗೆ ಅಕ್ಷರ ಕಲಿಸುವ ಕೇಂದ್ರ ಸರ್ಕಾರದ ಯೋಜನೆ) ಕಾರ್ಯಕ್ರಮದ ಸ್ವಯಂಸೇವಕಿಯಾಗಿ ಓದು-ಬರಹ ಕಲಿಸುತ್ತಿದ್ದೇನೆ. 2022ರಲ್ಲಿ ಶುರುವಾದದ್ದು, 15 ವರ್ಷ ದಾಟಿದವರಿಗೆ, ಕಲಿಸುವವರಿಗೆ ಸಂಬಳ ಇಲ್ಲ ಅಂತ ಇಲ್ಲಿ ಹಲವರಿಗೆ ಗೊತ್ತಿರುತ್ತದೆ. ಬರುವವರೆಲ್ಲ ಹೆಂಗಸರು. ಹೊಲದ ಕೆಲಸ, ನರೇಗಾ ಕೆಲಸ ಮುಗಿಸಿ, ಒಲೆ ಹಚ್ಚೋ ಮೊದಲು ಒಂದಿಷ್ಟು ಹೊತ್ತು ಕೂರುತ್ತಾರೆ.

ತೊಂದರೆ ಪಾಠದ್ದಲ್ಲ. ನಾನು ಹತ್ತಿರ ಹೋದರೆ ಸಾಕು, ಒಬ್ಬ ಅಕ್ಕ ಸ್ಲೇಟನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ. ಸೊಸೆ ತನಗಿಂತ ಚೆನ್ನಾಗಿ ಓದುತ್ತಾಳೆ ಅಂತ ಅತ್ತೆಯೊಬ್ಬರು ಬರೋದನ್ನೇ ಬಿಟ್ಟರು. ಇನ್ನೊಬ್ಬರು ಎಲ್ಲರೂ ಹೋದ ಮೇಲೆ ಪಾಸ್‌ಬುಕ್ ತೆಗೆದು, "ಗೃಹಲಕ್ಷ್ಮಿ ದುಡ್ಡು ಬಂದೈತಾ ನೋಡವ್ವ, ಯಾರಿಗೂ ಹೇಳ್ಬೇಡ" ಅಂದರು. ಆ ಎರಡು ಸಾವಿರ ಬಂತೋ ಇಲ್ಲವೋ ಅಂತ ತಾವೇ ಓದಿಕೊಳ್ಳಬೇಕು ಅನ್ನೋದೇ ಅವರ ಆಸೆ, ಅದಕ್ಕಿಂತ ಒಳ್ಳೆಯ ಪಾಠ ಬೇಕಾ ಹೇಳಿ? ಆದರೆ ಒಬ್ಬರ ಪಾಸ್‌ಬುಕ್ಕನ್ನು ಎಲ್ಲರ ಮುಂದೆ ಬಿಚ್ಚೋಕಾಗಲ್ಲ ಅಲ್ವಾ.

ದೊಡ್ಡವರಿಗೆ ಕಲಿಸಿದ ಅನುಭವ ಇರುವವರು ದಯವಿಟ್ಟು ಹೇಳಿ, ಬರೆದದ್ದನ್ನು ತೋರಿಸೋ ಧೈರ್ಯ ಅವರಿಗೆ ಹೇಗೆ ಬಂತು? ಅತ್ತೆ-ಸೊಸೆಯನ್ನು ಬೇರೆ ಬೇರೆ ಗುಂಪಿನಲ್ಲಿ ಕೂರಿಸೋದು ಸರೀನಾ, ಇಲ್ಲ ಅದರಿಂದ ಮನೆಯಲ್ಲಿ ಮಾತು ಜಾಸ್ತಿ ಆಗುತ್ತಾ? ಬಿಟ್ಟವರ ಮನೆಗೆ ಹೋಗಿ ಕರೆದರೆ ಅಕ್ಕಪಕ್ಕದವರ ಎದುರು ಮುಜುಗರ ಆದೀತು ಅಂತ ಸುಮ್ನೆ ಇದ್ದೇನೆ, ಹೋಗಲಾ? ಕೊನೆಗೆ ಪರೀಕ್ಷೆ ಬೇರೆ ಇರುತ್ತದೆ, ಆ ಮಾತು ಎತ್ತಿದರೇ ಮುಖ ಇಳಿಯುತ್ತದೆ.

ಹೆಸರು ಖಾಲಿ ಬಿಟ್ಟ ಮಾದರಿ ಪಾಸ್‌ಬುಕ್ ಹಾಳೆ ಯಾರಾದರೂ ಮಾಡಿಟ್ಟುಕೊಂಡಿದ್ದರೆ ಇಲ್ಲೇ ಹಾಕಿ, ತುಂಬಾ ಉಪಕಾರ ಆಗುತ್ತದೆ.