ಮೋಲ್ಟ್ಕೆಯ ಹುದ್ದೆಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹಳೆಯ ಜರ್ಮನ್ ರಾಜ್ಯ ಪ್ರಷ್ಯದ ಜನರಲ್ ಹೆಲ್ಮೂಟ್ ಫಾನ್ ಮೋಲ್ಟ್ಕೆ (1800–1891) ಬಗ್ಗೆ ಬರೆಯುತ್ತಿದ್ದೇನೆ. ಆತನ ಹುದ್ದೆಯ ಹೆಸರಿಗೆ ಬಂದು ಕೈ ನಿಂತಿದೆ. 1857ರಿಂದ 1888ರವರೆಗೆ ಆತ ‘ಜನರಲ್ ಸ್ಟಾಫ್’ ಮುಖ್ಯಸ್ಥ, ಅಂದರೆ ಯುದ್ಧದ ಯೋಜನೆ ಹಾಕುವ ಸೇನಾಧಿಕಾರಿಗಳ ತಂಡದ ಮುಖ್ಯಸ್ಥ. ಇದನ್ನು ‘ಸಾಮಾನ್ಯ ಸಿಬ್ಬಂದಿ’ ಮಾಡಿದರೆ ಅರ್ಥವೇ ಕೆಡುತ್ತದೆ. ಸಿಬ್ಬಂದಿ ಅಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಕಚೇರಿಯ ನೌಕರವರ್ಗ.

ಸೇನಾಪತಿ, ದಂಡನಾಯಕ, ದಳವಾಯಿ ಎಲ್ಲವೂ ದಂಡು ಕಟ್ಟಿಕೊಂಡು ಹೋದವರ ಹೆಸರು. ತಲಕಾಡು ಗೆದ್ದ ಹೊಯ್ಸಳರ ಗಂಗರಾಜ ನಿಜಕ್ಕೂ ದಂಡನಾಯಕ. ಮೋಲ್ಟ್ಕೆಯ ದಾರಿಯೇ ಬೇರೆ. ಡೆನ್ಮಾರ್ಕಿನ ಸೇನೆ ಬಿಟ್ಟು 1822ರಲ್ಲಿ ಪ್ರಷ್ಯಕ್ಕೆ ಬಂದವನು ಮೋಜಣಿ ಮಾಡಿದ, ನಕ್ಷೆ ಬರೆದ, ಆಟೊಮನ್ ಸುಲ್ತಾನನ ಸೇನೆಗೆ ಸಲಹೆಗಾರನಾದ. ಒಂದು ರೆಜಿಮೆಂಟನ್ನೂ ನಡೆಸದೆಯೇ ಈ ಹುದ್ದೆಗೆ ಏರಿದ.

1866ರ ಆಸ್ಟ್ರಿಯಾ ಯುದ್ಧದಲ್ಲಿ ಆತನ ಕೆಲಸ ಎಂಥದ್ದೆಂಬುದು ಚೆನ್ನಾಗಿ ಕಾಣುತ್ತದೆ. ಐದು ರೈಲುಮಾರ್ಗಗಳಲ್ಲಿ ಸೈನ್ಯವನ್ನು ಗಡಿಗೆ ಸಾಗಿಸಿ, ಬೇರೆಬೇರೆಯಾಗಿ ನಡೆಸಿ, ಜುಲೈ 3ರಂದು ಕ್ಯೋನಿಗ್‌ಗ್ರೆಟ್ಸ್ ಬಳಿ ಮೂರು ಸೇನೆಗಳೂ ಒಂದೇ ರಣರಂಗಕ್ಕೆ ಬರುವಂತೆ ಮಾಡಿದ. ಸೇನಾಪಡೆಗಳಿಗೆ ನೇರವಾಗಿ ಆಜ್ಞೆ ಕಳಿಸುವ ಅಧಿಕಾರ ಅವನ ಹುದ್ದೆಗೆ ಸಿಕ್ಕಿದ್ದೇ ಅದರ ಹಿಂದಿನ ತಿಂಗಳು. ಅಂದಿನ ಕಾಳಗದಲ್ಲಿ ಅವನ ಆಜ್ಞೆ ಕೈಸೇರಿದಾಗ ಡಿವಿಜನ್ ನಾಯಕ ಮಾನ್‌ಸ್ಟೈನ್, “ಎಲ್ಲ ಸರಿ, ಆದರೆ ಈ ಜನರಲ್ ಮೋಲ್ಟ್ಕೆ ಯಾರು?” ಎಂದು ಕೇಳಿದನೆಂಬ ಮಾತು ಪ್ರಸಿದ್ಧ. ಇಂಥವನನ್ನು ‘ಸೇನಾಪತಿ’ ಎಂದು ಬರೆದರೆ ಓದುಗನಿಗೆ ಮಾನ್‌ಸ್ಟೈನನ ಪ್ರಶ್ನೆಯೇ ಅರ್ಥವಾಗುವುದಿಲ್ಲ.

‘ಮಹಾದಂಡನಾಯಕ’? ಕಾರ್ಯಪ್ಪನವರಿಗೆ ಅದು ಸರಿಯಾಗಿಯೇ ಒಪ್ಪಿತು, 1949ರಲ್ಲಿ ಅವರು ಕಮಾಂಡರ್ ಇನ್ ಚೀಫ್ ಆದವರು. ಪ್ರಷ್ಯದಲ್ಲಿ ಆ ಸ್ಥಾನ ದೊರೆ ವಿಲ್ಹೆಲ್ಮನದು. ಮೋಲ್ಟ್ಕೆಯ ಆಜ್ಞೆಗಳು ಹೊರಡುತ್ತಿದ್ದದ್ದು ದೊರೆಯ ಹೆಸರಿನಲ್ಲಿ. ಪತ್ರಿಕೆಗಳ ‘ಸೇನಾ ಮುಖ್ಯಸ್ಥ’ಕ್ಕೂ ಇದೇ ತೊಡಕು. ಅವನಿಗೆ 1871ರಲ್ಲಿ ಸಿಕ್ಕ ‘ಫೀಲ್ಡ್ ಮಾರ್ಷಲ್’ ಪದವಿಯ ಚಿಂತೆಯಿಲ್ಲ, ಅದು ಕನ್ನಡದಲ್ಲಿ ಹಾಗೆಯೇ ನೆಲೆಸಿದೆ.

ಸದ್ಯಕ್ಕೆ ‘ಯುದ್ಧಯೋಜನಾ ಮಂಡಲಿಯ ಮುಖ್ಯಸ್ಥ’ ಎಂದು ಹಾಕಿದ್ದೇನೆ. ಅರ್ಥ ಸರಿಯಿದೆ, ಆದರೆ ಉದ್ದವಾಯಿತು. ಮಂಡಲಿ ಎಂದರೆ ಸಭೆ ಸೇರಿ ತೀರ್ಮಾನಿಸುವವರು ಎಂಬ ಛಾಯೆಯೂ ಬರುತ್ತದೆ. ಶಾಸನಗಳಲ್ಲಾಗಲಿ, ಪಾಳೆಯಗಾರರ ಕಾಲದ ಕಾಗದಪತ್ರಗಳಲ್ಲಾಗಲಿ, ದಂಡು ಸಾಗುವ ದಾರಿ, ಬಿಡಾರ, ಮೇವು-ನೀರು ಗೊತ್ತುಮಾಡುತ್ತಿದ್ದ ಅಧಿಕಾರಿಗೆ ಬೇರೆಯೇ ಹೆಸರಿತ್ತೇ? ಕಂಡವರು ಎಲ್ಲಿ ಕಂಡಿರೆಂಬುದನ್ನೂ ಸೇರಿಸಿ ದಯವಿಟ್ಟು ತಿಳಿಸಿ.